ಕವುಚಿಟ್ಟ ಬುಟ್ಟಿಗಳು

ನಮ್ಮ ಪೇಟೆಯಲ್ಲಿ ಮೀನು ಮಾರುವ ಹೆಂಗಸು ಬುಟ್ಟಿ ಕವುಚಿಟ್ಟು ಹೋದಳೆಂದರೆ ಆ ಜಾಗ ಅವಳದೇ. ಹೆರಿಗೆಗೆ ಹೋಗಲಿ, ಸೂತಕಕ್ಕೆ ಹೋಗಲಿ, ಪಕ್ಕದವಳು ಅದನ್ನು ಮುಟ್ಟುವುದಿಲ್ಲ. ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವ ಹೆದ್ದಾರಿಗೆ ತಾಗಿದ ಈ ರಸ್ತೆಯಂಚಿನಲ್ಲಿ ಮೊದಲು ನನ್ನ ಅತ್ತೆ ಕೂರುತ್ತಿದ್ದರು, ಆಮೇಲೆ ನಾನು, ಈಗ ನನ್ನ ಜೊತೆ ಸೊಸೆ ವೀಣಾ.

ಪಂಚಾಯಿತಿಯವರು ನಮ್ಮನ್ನು ಎಬ್ಬಿಸಿ ಊರಾಚೆಯ ಹೊಸ ಮಾರುಕಟ್ಟೆ ಕಟ್ಟಡಕ್ಕೆ ಕಳಿಸುತ್ತಾರೆಂದು ಸುದ್ದಿ ಬಂತು. ಅಷ್ಟು ದೂರ ಮೀನಿಗೆ ಯಾರು ಬರುತ್ತಾರೆ? ನನ್ನ ಪಕ್ಕದಲ್ಲಿ ಕೂರುವ ಸುಬ್ಬಿ ಹೇಳಿದ್ದು ಒಂದೇ ಮಾತು. "ಇಲ್ಲೇ ಕೂಕಂಡು ಕೂಗ್ವಾ. ಎದ್ರೆ ಹೋತು."

ನಾನೇ ಬೇಡವೆಂದೆ. ರಸ್ತೆಯಲ್ಲಿ ಪ್ರತಿಭಟನೆ ಮಾಡಿದರೆ ಕೇಸು ಬೀಳುತ್ತದೆ, ಮೈದಾನದಲ್ಲಾದರೆ ಅನುಮತಿ ಕೊಡುತ್ತೇವೆ ಎಂದು ಪೊಲೀಸರು ಹೇಳಿದ್ದರು. "ಕಾನೂನಿದ್ದ ಹಾಂಗೆ ಮಾಡ್ವಾ ಸುಬ್ಬಿ. ನಮ್ಮ ಮೇಲೆ ತಪ್ಪು ಬರೂದು ಬೇಡ."

"ಆತು ಅಕ್ಕ. ಪೊಲೀಸರು ನಿಂಗೆ ಶಾಲು ಹೊದಿಸಿ ಸನ್ಮಾನ ಮಾಡ್ತಾರೆ ನೋಡು."

ಬೆಳಿಗ್ಗೆ ಬುಟ್ಟಿ ಕವುಚಿಟ್ಟು ಎಲ್ಲರೂ ಮೈದಾನಕ್ಕೆ ಹೋದೆವು. ಘೋಷಣೆ ಕೂಗಿದೆವು. ಅಧಿಕಾರಿಯೊಬ್ಬರು ಬಂದು ಮನವಿ ತೆಗೆದುಕೊಂಡರು. "ಹೀಗೆ ಶಿಸ್ತಿನಿಂದ ಮಾಡಬೇಕು ನೋಡಿ ಅಮ್ಮ," ಎಂದು ಒಬ್ಬ ಪೊಲೀಸಿನವನು ನನ್ನನ್ನು ಹೊಗಳಿದ. ನನಗೂ ಒಳಗೊಳಗೇ ಹಿಗ್ಗಾಯಿತು.

ಮಧ್ಯಾಹ್ನ ತಿರುಗಿ ಬಂದು ನೋಡಿದರೆ ನಮ್ಮ ಜಾಗದುದ್ದಕ್ಕೂ ತಗಡಿನ ಬೇಲಿ. ಒಳಗೆ ಜೆಸಿಬಿ ನೆಲ ಅಗೆಯುತ್ತಿತ್ತು. ಬುಟ್ಟಿಗಳೆಲ್ಲ ಕಸದ ಟ್ರ್ಯಾಕ್ಟರಿನಲ್ಲಿ.

ಕೆಲಸ ಮಾಡಿಸುತ್ತಿದ್ದವನನ್ನು ವೀಣಾ ಕೇಳಿದಳು, "ಎಂತ ಇದು? ನಮ್ಮ ಬುಟ್ಟಿ ಇತ್ತಲ್ಲ ಇಲ್ಲಿ!"

"ಬುಟ್ಟಿ ಇತ್ತು, ಜನ ಇರ್ಲಿಲ್ಲ. ಖಾಲಿ ಆಗಿದೆ ಅಂತ ಶುರು ಮಾಡಿದ್ವಿ." ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

ಸುಬ್ಬಿ ಬೇಲಿಯ ಮುಂದೆ ನಡುರಸ್ತೆಯಲ್ಲೇ ಕೂತುಬಿಟ್ಟಳು. ವೀಣಾ ಕೂತಳು. ಉಳಿದವರೂ ಕೂತರು. ಬಸ್ಸು ನಿಂತಿತು, ಅದರ ಹಿಂದೆ ಲಾರಿ. ನನ್ನನ್ನು ಹೊಗಳಿದ್ದ ಪೊಲೀಸಿನವನೇ ಓಡಿ ಬಂದ.

"ಏಳಿ, ಏಳಿ! ರಸ್ತೆ ತಡೆಯೋ ಹಾಗಿಲ್ಲ. ಮೈದಾನದಲ್ಲಿ ಮಾಡಿ ಅಂತ ಹೇಳಿರ್ಲಿಲ್ವಾ?"

"ಅಲ್ಲಿಗೆ ಹೋಗಿದ್ದಕ್ಕೇ ಹೀಂಗಾತಲ್ಲ!" ಎಂದಳು ಸುಬ್ಬಿ. "ಮತ್ತೆ ಅಲ್ಲೇ ಹೋಗಿ ಕೂರೂದಾ?"

"ಈಗ ಅಲ್ಲೂ ಕೂರೋ ಹಾಗಿಲ್ಲ. ಮಧ್ಯಾಹ್ನದ ತನಕ ಮಾತ್ರ ಪರ್ಮಿಷನ್." ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮ, ನೀವು ತಿಳಿದವರು. ಇವರಿಗೆ ನೀವೇ ಹೇಳಿ."

ಎಲ್ಲರೂ ನನ್ನ ಮುಖ ನೋಡಿದರು. ಬೆಳಿಗ್ಗೆ ಅವರನ್ನೆಲ್ಲ ಎಬ್ಬಿಸಿದ್ದು ನನ್ನ ಮಾತೇ.

"ಹಾಂಗಾದ್ರೆ ಕೂರೂದು ಎಲ್ಲಿ?" ಎಂದು ಕೇಳಿದೆ.

ಅವನು ಫೋನ್ ತೆಗೆದು ವ್ಯಾನ್ ಕಳಿಸಲು ಹೇಳಿದ.

ಸುಬ್ಬಿ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದಳು. "ಬಾ ಅಕ್ಕ, ಕೂಕೋ."

ಕೂತೆ. ಡಾಂಬರಿನ ಬಿಸಿ ಸೀರೆ ದಾಟಿ ಸುಡುತ್ತಿತ್ತು. ನಮ್ಮ ಮುಂದೆ ಬಸ್ಸುಗಳೆಲ್ಲ ನಿಂತಿದ್ದವು. ಬೇಲಿಯಾಚೆಯ ಜೆಸಿಬಿ ಮಾತ್ರ ನಿಂತಿರಲಿಲ್ಲ.