ಹಿಂದಕ್ಕೆ ಹಾರುವ ಕೊಕ್ಕರೆ

"ಓರೆ ಮಾಡಿ, ಇನ್ನೂ ಸ್ವಲ್ಪ ಓರೆ," ಎಂದು ನಾದಿನಿ ಹೇಳುತ್ತಲೇ ಇದ್ದಳು. ಸೊಸೆ ಮತ್ತು ಅವಳ ಗಂಡ ಮೇಜಿನ ಎರಡು ತುದಿ ಹಿಡಿದು ಬಾಗಿಲಲ್ಲಿ ಸಿಕ್ಕಿಕೊಂಡಿದ್ದರು. ಅತ್ತೆ ಚಿತ್ರ ಬರೆಯುತ್ತಿದ್ದ ಮೇಜು ಅದು. ತೀರಿಕೊಂಡ ಅತ್ತೆಯನ್ನು ತರುವ ಗಾಡಿ ಆಗಲೇ ಆಸ್ಪತ್ರೆಯಿಂದ ಹೊರಟಿತ್ತು. ಮಲಗಿಸಲು, ಬಂದವರು ನಿಲ್ಲಲು ಜಾಗವಿದ್ದದ್ದು ಆ ಕೋಣೆಯೊಂದರಲ್ಲೇ. ಮೇಜು ಮಾತ್ರ ಜಪ್ಪಯ್ಯ ಅಂದರೂ ಹೊರಗೆ ಬರಲೊಲ್ಲದು.

"ಬಡಗಿ ಒಳಗೇ ಕೂತು ಮಾಡಿದ್ದು ಇದನ್ನ," ಎಂದ ಗಂಡ, ಬೆವರು ಒರೆಸಿಕೊಳ್ಳುತ್ತಾ. "ಅಮ್ಮನ ಥರಾನೇ. ಕೋಣೆ ಬಿಟ್ಟು ಹೊರಡೋ ಮಾತೇ ಇಲ್ಲ."

"ನಾಳೆ ಇದರ ಕಾಲು ಕೊಯ್ಸಿ ತೆಗೆಸಿದ್ರಾಯ್ತು. ಇನ್ಮೇಲೆ ಯಾರಿಗೆ ಬೇಕು?" ಎಂದಳು ನಾದಿನಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬೆಳಗಿನಿಂದ ಅತ್ತೂ ಅತ್ತೂ ಸಾಕಾಗಿ, ಅವಳಿಗೆ ಏನಾದರೊಂದು ಕೆಲಸ ಬೇಕಾಗಿತ್ತು.

ನನಗೆ ಬೇಕು ಎಂಬ ಮಾತು ಸೊಸೆಯ ಗಂಟಲವರೆಗೂ ಬಂದು ನಿಂತಿತು. ಮದುವೆಯಾಗಿ ಬಂದಾಗಿನಿಂದ ಅವಳು ಆ ಮೇಜಿನ ಎದುರು ಬದಿಯಲ್ಲಿ ಕೂತು ಅತ್ತೆಯ ಸರಿಸಮಕ್ಕೆ ಕೆಲಸ ಮಾಡಿದ್ದಳು. ಅಂಗಡಿಗಳ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಔಷಧಿ ಡಬ್ಬಿ. ಆದರೆ ಊರಿನವರ ಲೆಕ್ಕದಲ್ಲಿ ಬರೆಯುವವರು ಅತ್ತೆ, ಪೆನ್ಸಿಲ್ ಚೂಪು ಮಾಡಿಕೊಡುವವಳು ಸೊಸೆ. ಸಾವಿನ ಮನೆಯಲ್ಲಿ ನಿಂತು ಮೇಜು ಬೇಕು ಅನ್ನುವುದು ಹೇಗೆ? ಮೂವರೂ ಸೇರಿ ಅದನ್ನು ಕಿಟಕಿಗೆ ಒತ್ತರಿಸಿ ಜಾಗ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಸ್ಮಶಾನಕ್ಕೆ ಹೋಗುವವರಿಗೆಂದು ಪ್ರವಾಸದ ಕಂಪನಿಯೊಂದು ತನ್ನ ಬಸ್ಸನ್ನೇ ಕಳಿಸಿತ್ತು. ಆ ಕಂಪನಿಗೆ ಉದ್ದನೆಯ ಹೆಸರಿದೆ, ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅದು ಕೊಕ್ಕರೆ ಬಸ್ಸು. ಆ ಕೊಕ್ಕರೆ ಬರೆದವರು ಅತ್ತೆ. ಅದನ್ನು ಮೊದಲ ಬಸ್ಸಿನ ಮೇಲೆ ಬಳಿದ ಮುದಿ ಪೇಂಟರ್ ಗೇಟಿನ ಬಳಿ ನಾಲ್ಕು ಜನರನ್ನು ಸೇರಿಸಿಕೊಂಡು ನಿಂತಿದ್ದ.

"ಎಡಗಡೆ ಕೊಕ್ಕರೆ ಮುಂದಕ್ಕೆ ಹಾರ್ತಾ ಇದೆ, ಅಲ್ವಾ? ಬಲಗಡೆ ಬಂದು ನೋಡಿ, ಹಿಂದಕ್ಕೆ. ಯಾಕೆ ಹೇಳಿ? ಹೋದೋರು ವಾಪಸ್ ಮನೆಗೆ ಬರ್ಬೇಕಲ್ಲ. ಏನು ತಲೆ ಆಯಮ್ಮಂದು."

ಕೇಳಿದವರು ತಲೆದೂಗಿದರು. ಅಲ್ಲೇ ನಿಂತಿದ್ದ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಪಾಪ, ಅಳು ತಡೆಯಲಾಗಲಿಲ್ಲ ಎಂದುಕೊಂಡರು ಎಲ್ಲರೂ. ಅವಳಿಗೆ ಬಂದದ್ದು ನಗು.

*

ನಿಜ ಸಂಗತಿಯನ್ನು ಅತ್ತೆ ಅವಳೊಬ್ಬಳಿಗೇ ಹೇಳಿದ್ದರು. ಅದು ಅತ್ತೆಯ ಮೊದಲ ದೊಡ್ಡ ಕೆಲಸ. ಎಡಕ್ಕೆ ಹಾರುವ ಒಂದು ಕೊಕ್ಕರೆ ಬರೆದು, ರಟ್ಟಿನಲ್ಲಿ ಅದರ ಅಚ್ಚು ಕತ್ತರಿಸಿ ಪೇಂಟರ್ ಕೈಗೆ ಕೊಟ್ಟಿದ್ದರು. ಬಸ್ಸಿಗೆ ಎರಡು ಮಗ್ಗುಲು ಇರುತ್ತವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಅವನು ಅದೇ ಅಚ್ಚನ್ನು ಮಗುಚದೆ ಎರಡೂ ಕಡೆ ಹಾಗೇ ಇಟ್ಟು ಬಳಿದ. ಹೊಸ ಬಸ್ಸು ಹೊರಡುವ ದಿನ, ಸೇರಿದ ಜನರ ಮುಂದೆ, ಮಾಲೀಕ ಬಲಗಡೆಗೆ ಬಂದವನು ನಿಂತೇಬಿಟ್ಟ.

"ಇದೇನಮ್ಮ, ಬಸ್ಸು ಮುಂದಕ್ಕೆ, ಹಕ್ಕಿ ಹಿಂದಕ್ಕೆ?"

"ಕೈಕಾಲು ತಣ್ಣಗಾಯ್ತು ಕಣೆ," ಎನ್ನುತ್ತಿದ್ದರು ಅತ್ತೆ. "ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಆ ಕಡೆದು ಹೋಗೋ ಹಕ್ಕಿ, ಈ ಕಡೆದು ಮನೆಗೆ ಬರೋ ಹಕ್ಕಿ ಅಂತ. ಆತ ಕಣ್ಣೊರೆಸ್ಕೊಂಡ. ಆಮೇಲೆ ನಿಜ ಹೇಳೋಕೆ ಬಾಯಿ ಎಲ್ಲಿ ಬರುತ್ತೆ?" ಪೇಂಟರ್ ಅಂತೂ ಹೇಳೀ ಹೇಳೀ ತಾನೇ ನಂಬಿಬಿಟ್ಟಿದ್ದ.

ಹೋದ ತಿಂಗಳು ಕಂಪನಿ ಬಸ್ಸುಗಳಿಗೆ ಹೊಸ ಗುರುತಿನ ಚಿತ್ರ ಕೇಳಿತು. ಈಗ ಮಾಲೀಕನ ಮಗಳೇ ಒಡತಿ. "ನನ್ನ ಕೊಕ್ಕರೆಗೆ ವಯಸ್ಸಾಯ್ತು, ನೀನು ಬರಿ," ಎಂದರು ಅತ್ತೆ. ಸೊಸೆ ಮೂರೇ ಗೆರೆಯಲ್ಲಿ ಕೊಕ್ಕರೆ ಬರೆದಳು, ಎರಡೂ ಮಗ್ಗುಲಲ್ಲಿ ಮುಂದಕ್ಕೇ ಹಾರುವಂತೆ. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಅಂತೂ ನನ್ನ ತಪ್ಪು ನೀನು ತಿದ್ದಿದೆ," ಎಂದು ನಕ್ಕರು. "ಕಳಿಸು. ಇದು ನಿನ್ನ ಚಿತ್ರ ಅಂತ ನಾನೇ ಅವಳಿಗೆ ಫೋನ್ ಮಾಡಿ ಹೇಳ್ತೀನಿ."

ಚಿತ್ರ ಹೋಯಿತು. ಫೋನ್ ಮಾಡುವ ಮೊದಲೇ ಅತ್ತೆ ಆಸ್ಪತ್ರೆ ಸೇರಿದರು.

*

ಒಡತಿ ಬಂದು ಅತ್ತೆಯ ಕಾಲ ಬಳಿ ನಿಂತು ಅತ್ತಳು. ಆಮೇಲೆ ಕಿಟಕಿಯ ಹತ್ತಿರ ಬಂದು ಸೊಸೆಯ ಕೈ ಹಿಡಿದಳು.

"ಅವರ ಕೊನೇ ಚಿತ್ರ ನಮ್ಮ ಹತ್ರ ಇದೆ, ಅದನ್ನೇ ಇಟ್ಕೋತೀವಿ. ಮಿಕ್ಕಿದ್ದು, ಬಸ್ಸಿನ ಬಣ್ಣ, ಟಿಕೆಟ್ಟು, ಬೋರ್ಡು, ಅದೆಲ್ಲ ಬೇರೆ ಕಡೆ ಕೊಡ್ಬೇಕು. ಇಲ್ಲಿ ಇನ್ಯಾರಿದಾರೆ ಮಾಡೋಕೆ?"

ಸೊಸೆ ಮೇಜಿನ ಕಡೆ ನೋಡಿದಳು. ಈಗ ಬಾಯಿಬಿಟ್ಟರೆ ಸತ್ತವರ ಕೈಯಿಂದ ಕಸಿದುಕೊಂಡಂತೆ. ಬಿಡದಿದ್ದರೆ ಕೆಲಸವೂ ಹೋಯಿತು, ಮೇಜೂ ಸೌದೆಯಾಯಿತು. ಇಂಥ ಹೊತ್ತಿನಲ್ಲಿ ಇದನ್ನೆಲ್ಲ ಯೋಚಿಸುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಒಂದು ಮಾತ್ರ ಅರ್ಥ ಆಗ್ಲಿಲ್ಲ," ಎಂದಳು ಒಡತಿ. "ಹೊಸದರಲ್ಲಿ ಎರಡೂ ಮುಂದಕ್ಕೇ ಹೋಗ್ತಿವೆ. ಮನೆಗೆ ಬರೋ ಹಕ್ಕಿನ ಅವರು ಯಾಕೆ ತಿರುಗಿಸಿದ್ರು? ನಮ್ಮಪ್ಪ ಸಾಯೋವರೆಗೂ ಅದರ ಮಾತೇ ಆಡ್ತಿದ್ರು. ಅವರು ಹಾಗೆ ಮಾಡೋರಲ್ಲ."

"ಅವರು ತಿರುಗಿಸ್ಲಿಲ್ಲ," ಎಂದಳು ಸೊಸೆ. "ನಾನು ತಿರುಗಿಸ್ದೆ. ಆ ಚಿತ್ರ ನಂದು."

ಕೋಣೆಯಲ್ಲಿದ್ದವರೆಲ್ಲ ಇತ್ತ ನೋಡಿದರು. ಮಾತಾಡಿದವಳು ನಾದಿನಿ.

"ಹೌದು. ಅಮ್ಮನಿಗೆ ಲೋಟ ಹಿಡ್ಯೋಕೂ ಕೈ ನಡುಗ್ತಿತ್ತು. ಗೆರೆ ಎಲ್ಲಿಂದ ಎಳೀತಾರೆ? ಇವಳೇ ಬರೆದಿರೋದು."

ಒಡತಿ ಸೊಸೆಯನ್ನು ಮೊದಲ ಸಲ ಕಂಡವಳಂತೆ ನೋಡಿದಳು. "ಹಾಗಾದ್ರೆ ಬಲಗಡೆದನ್ನ ಮೊದಲಿನ ಹಾಗೆ ಮನೆ ಕಡೆ ತಿರುಗಿಸಿ ಕೊಡು. ಮಿಕ್ಕಿದ್ದನ್ನೂ ನೀನೇ ಮಾಡು."

ಸೊಸೆ ಅತ್ತೆಯ ಮುಖ ನೋಡಿದಳು. ಹಳೆಯ ಕೊಕ್ಕರೆಯ ನಿಜ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡಳು.

"ಆಯ್ತು," ಎಂದಳು.

*

ಎಲ್ಲ ಮುಗಿದ ಮೇಲೆ ಸಂಜೆ ಬಸ್ಸು ಮನೆಯವರನ್ನು ರಸ್ತೆಯ ಆಚೆ ಬದಿಯಲ್ಲಿ ಇಳಿಸಿತು. ರಸ್ತೆ ದಾಟಿ ಸೊಸೆ ಗೇಟಿನ ಬಳಿಯೇ ನಿಂತಳು. ಮೊದಲು ಒಳಗೆ ಹೋದ ನಾದಿನಿ ಕಿಟಕಿಯಿಂದ ಕೇಳಿದಳು.

"ಮೇಜು ಇಲ್ಲೇ ಇರ್ಲಾ, ಮೊದಲಿನ ಜಾಗಕ್ಕೆ ಎಳೀಲಾ?"

"ಮೊದಲಿನ ಜಾಗಕ್ಕೆ. ತಡಿ, ನಾನೂ ಬರ್ತೀನಿ."

ಆಗ ಸೊಸೆಗೆ ಅಳು ಬಂತು, ಬೆಳಗಿನಿಂದ ಬಾರದೇ ಉಳಿದದ್ದು. ಎದುರು ಬದಿಯಲ್ಲಿ ಬಸ್ಸು ಹೊರಟಿತು. ಅದರ ಬಲ ಮಗ್ಗುಲು ಮನೆಯ ಕಡೆಗಿತ್ತು. ಬಸ್ಸು ಬೀದಿಯ ತಿರುವಿನತ್ತ ದೂರ ದೂರ ಹೋಗುತ್ತಿದ್ದರೆ, ಬಣ್ಣ ಮಾಸಿದ ಅತ್ತೆಯ ಕೊಕ್ಕರೆ ಕೊಕ್ಕು ಚಾಚಿಕೊಂಡು ಮನೆಯ ಕಡೆಗೇ ಹಾರಿ ಬರುತ್ತಿತ್ತು.