ನುಂಗದೆ ಉಳಿದ ಐದು ಮಾತ್ರೆ

ನಾನು ಐದು ಮಾತ್ರೆಗಳ ಒಂದು ಶೀಟು. ಹುಟ್ಟಿದ್ದು ದೂರದ ಯಾವುದೋ ಕಾರ್ಖಾನೆಯಲ್ಲಿ. ಗದ್ದಲದ ಯಂತ್ರವೊಂದು ಬೆಳ್ಳಿಬಣ್ಣದ ಹಾಳೆಯಲ್ಲಿ ಐದು ಗುಳಿ ಒತ್ತಿ, ಗುಳಿಗೊಂದು ಹಳದಿ ಮಾತ್ರೆ ಇಟ್ಟು ಮುಚ್ಚಿಬಿಟ್ಟಿತು. ನನ್ನ ಕೆಲಸ ಐದೇ ದಿನದ್ದು. ಮುಟ್ಟಾದ ಎರಡನೇ ದಿನದಿಂದ ದಿನಕ್ಕೊಂದರಂತೆ ಹೊಟ್ಟೆಗಿಳಿದು, ಸುಮ್ಮನೆ ಕೂತ ಅಂಡಾಶಯವನ್ನು ಎಬ್ಬಿಸಿ ಒಂದು ಅಂಡ ಬೆಳೆಸುವುದು.

ಹೊಳೆನರಸೀಪುರದ ಔಷಧದಂಗಡಿಯಲ್ಲಿ ನನ್ನನ್ನು ಕೊಂಡವಳು ಮೇದಿನಿ. ಮದುವೆಯಾಗಿ ನಾಲ್ಕು ವರ್ಷ. ಅಂಡ ಸರಿಯಾಗಿ ಬೆಳೆಯದ ಪಿಸಿಓಎಸ್ ತೊಂದರೆ ಇದ್ದುದರಿಂದ, ಬೇರೊಂದು ಮಾತ್ರೆ ನುಂಗಿದರಷ್ಟೇ ಮುಟ್ಟು ಬರುತ್ತಿತ್ತು. ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ನನ್ನನ್ನು ಚೀಲದಿಂದ ತೆಗೆದು, ಬೆನ್ನಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದಿದಳು. ಅಷ್ಟು ನಂಬಿಕೆಯಿಂದ ನನ್ನನ್ನು ಯಾರೂ ನೋಡಿರಲಿಲ್ಲ.

ಆ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿಂದಿನ ಜಗಲಿಯಲ್ಲಿ ಕೂರಬೇಕು. ಅವರು ಮುಟ್ಟಿದ್ದನ್ನೆಲ್ಲ ತೊಳೆದೇ ಒಳಗೆ ತರಬೇಕು. ನನ್ನ ಸರದಿ ಬಂದದ್ದೂ ಅದೇ ದಿನಗಳಲ್ಲಿ.

"ಔಷಧಕ್ಕೆ ಮೈಲಿಗೆ ಇಲ್ಲ ಕಣೆ, ನಾನೇನು ಬೇಡ ಅಂತೀನಾ" ಎಂದರು ಅತ್ತೆ ಕಮಲಾಕ್ಷಮ್ಮ. "ಆದ್ರೆ ನೀನು ಮುಟ್ಟಿದ ಶೀಟನ್ನ ವಾಪಸ್ ಬೀರುಗೆ ಹೇಗಿಡೋದು? ತೊಳೆಯೋಕೆ ಅದೇನು ಲೋಟವೇ?"

"ನಾನೇ ದಿನಾ ಬಿಡಿಸಿ ಕೊಡ್ತೀನಿ ಬಿಡಮ್ಮ" ಎಂದ ಮೇದಿನಿಯ ಗಂಡ ಶ್ರೀವತ್ಸ.

"ನಿಮ್ಮ ಮಾವ ನನಗೆ ಒಂದು ದಿನ ನೀರು ಕೊಟ್ಟವರಲ್ಲ. ಪುಣ್ಯವಂತೆ ಕಣೆ ನೀನು" ಎಂದರು ಅತ್ತೆ.

ಮೇದಿನಿ ಮೆಲ್ಲಗೆ ನಕ್ಕಂತೆ ಕೇಳಿಸಿತು.

ಶ್ರೀವತ್ಸ ಬೀರು ತೆಗೆದ. ನನ್ನ ಗುಳಿ ಒತ್ತುತ್ತಾನೆಂದು ಕಾದೆ. ಅವನ ಬೆರಳು ನನ್ನನ್ನು ದಾಟಿ ಪಕ್ಕದ ಫೋಲಿಕ್ ಆಸಿಡ್ ವಿಟಮಿನ್ ಶೀಟಿಗೆ ಹೋಯಿತು. ಅದೂ ನನ್ನಂತೆ ಹಳದಿ, ನನ್ನಷ್ಟೇ ಸಣ್ಣದು. ಅದರಿಂದ ಒಂದನ್ನು ಬಿಡಿಸಿಕೊಂಡು ಹೊರಗೆ ಹೋದ. ಬಂದವನು ನನ್ನನ್ನು ತನ್ನ ಮದುವೆಯ ಕೋಟಿನ ಒಳಜೇಬಿಗೆ ಸೇರಿಸಿದ. ನಾಲ್ಕನೇ ದಿನ ಅವಳು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ಮೇಲೂ, "ಶುರು ಮಾಡಿದವನು ನಾನೇ ಮುಗಿಸ್ತೀನಿ" ಎಂದು ಅವನೇ ಕೊಟ್ಟ. ಅವಳಿಗೂ ಅದು ಹಿತವಾಗಿತ್ತೇನೋ.

ಜೇಬಿನಲ್ಲಿ ನನಗಿಂತ ಮೊದಲೇ ಮಡಿಸಿಟ್ಟ ಕಾಗದವೊಂದಿತ್ತು. ಶ್ರೀವತ್ಸನ ವೀರ್ಯ ಪರೀಕ್ಷೆಯ ರಿಪೋರ್ಟು. ಅದರಲ್ಲಿ ವೀರ್ಯಾಣುಗಳ ಎಣಿಕೆ ತೀರಾ ಕಡಿಮೆ.

ಎರಡು ವಾರದ ಮೇಲೆ ಬೀರುವಿನ ಆಚೆ ಮೇದಿನಿಯ ಧ್ವನಿ. "ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ರೀ. ಎಗ್ ಬೆಳೆದೇ ಇಲ್ವಂತೆ."

"ಬೇಜಾರು ಮಾಡ್ಕೋಬೇಡ. ನಿನ್ನ ಮೈಗೆ ಆ ಮಾತ್ರೆ ಹಿಡಿದಿಲ್ಲ ಅಷ್ಟೇ."

ಹಿಡಿದಿಲ್ಲವಂತೆ. ಅವಳ ನಾಲಿಗೆಯನ್ನೇ ಕಾಣದ ನಾನು ಸೋತವನ ಹಾಗೆ ಕೋಟಿನೊಳಗೆ ಬಿದ್ದಿದ್ದೆ. ನನಗೆ ಬಾಯಿಲ್ಲ. ಇದ್ದವನು ಅವಳ ಪಕ್ಕದಲ್ಲೇ ಕೂತು ಸಮಾಧಾನ ಹೇಳುತ್ತಿದ್ದ.

ಮುಂದೆ ಎರಡು ಸಲ ಡೋಸ್ ಹೆಚ್ಚಿತು. ಆ ಶೀಟುಗಳೂ ನನ್ನ ಮೇಲೆ ಬಂದು ಬಿದ್ದವು. ಕೊನೆಗೆ ಡಾಕ್ಟರು ಫೈಲಿನಲ್ಲಿ 'ಮಾತ್ರೆಗೆ ಸ್ಪಂದನೆ ಇಲ್ಲ' ಎಂದು ಬರೆದರಂತೆ. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಅಂಡಾಶಯಕ್ಕೆ ಆಪರೇಷನ್. ಅದಕ್ಕೆ ದಿನವೂ ನಿಗದಿಯಾಯಿತು. ಮೇದಿನಿ ಅಳಲಿಲ್ಲ. "ನನ್ನ ಮೈಯೇ ಹೀಗೆ" ಎಂದಳು.

ಆಪರೇಷನ್‌ಗೆ ಇನ್ನೊಂದು ವಾರವಿತ್ತು. ಮೇದಿನಿ ಹೊರಗಾಗಿ ಎರಡನೇ ದಿನ. ನೆಂಟರ ಆರತಕ್ಷತೆಗೆಂದು ಕಮಲಾಕ್ಷಮ್ಮ ಕೋಟನ್ನು ಇಸ್ತ್ರಿಗೆ ತೆಗೆದರು. ಜೇಬಿಗೆ ಕೈ ಹಾಕಿದರು.

"ಏನೋ ವತ್ಸ, ಅವಳ ಮಾತ್ರೆ ನಿನ್ನ ಜೇಬಲ್ಲಿ? ಒಂದೂ ಒಡೆದಿಲ್ಲ. ಈ ಕಾಗದ ಯಾವುದು?"

"ಮೆಲ್ಲಗೆ ಮಾತಾಡಮ್ಮ. ನನ್ನದೇ. ಕಮ್ಮಿ ಇದೆಯಂತೆ. ಡಾಕ್ಟರಿಗೆ ನಾರ್ಮಲ್ ಅಂದುಬಿಟ್ಟಿದ್ದೆ. ಅವಳಿಗೆ ಎಗ್ ಬೆಳೆದೂ ಮಗು ಆಗದಿದ್ರೆ ಆಮೇಲೆ ನನ್ನನ್ನೇ ತಾನೇ ಹಿಡಿಯೋದು?"

ಕಮಲಾಕ್ಷಮ್ಮ ಮಂಚದ ಮೇಲೆ ಕೂತರು. ಅವರ ಬಿಸಿ ಅಂಗೈಯಲ್ಲಿ ನಾನಿದ್ದೆ. ಹೆಂಗಸಲ್ಲವೇ, ಅವಳನ್ನು ಕರೆಯುತ್ತಾರೆ ಎಂದುಕೊಂಡೆ.

"ಇವನ್ನೆಲ್ಲ ಹಂಡೆ ಒಲೆಗೆ ಹಾಕಿಬಿಡು" ಎಂದರು.

"ಆಪರೇಷನ್ನು?"

"ಆಗಲಿ ಬಿಡು. ಅವಳಿಗೂ ತೊಂದರೆ ಇರೋದು ನಿಜ ತಾನೇ."

ಹಂಡೆ ಇದ್ದದ್ದು ಹಿತ್ತಲ ಬಚ್ಚಲಲ್ಲಿ. ಅಲ್ಲಿಗೆ ಹೋಗಲು ಜಗಲಿ ದಾಟಬೇಕು. ಹೊರಗೆ ಕೂತವಳನ್ನು ಕಂಡೂ ಕಾಣದಂತೆ ದಾಟಿಹೋಗುವುದೇ ರೂಢಿಯಾದ ಮನೆಯಲ್ಲಿ, ಅಲ್ಲಿ ಒಬ್ಬಳು ಕೂತಿರುತ್ತಾಳೆಂಬುದೇ ತಾಯಿ ಮಗ ಇಬ್ಬರಿಗೂ ಆ ಕ್ಷಣ ಮರೆತುಹೋಗಿತ್ತು.

"ಏನ್ರೀ ಕೈಯಲ್ಲಿ?"

"ಹಳೇ ಕಾಗದ."

ಮೇದಿನಿ ಎದ್ದಳು. "ಮುಟ್ಟಬೇಡ್ವೇ, ಅವನ ಸ್ನಾನ ಆಗಿದೆ" ಎಂದರು ಅತ್ತೆ, ಬಾಗಿಲಿನಿಂದ. ಅವಳು ಅವನ ಮುಷ್ಟಿ ಬಿಡಿಸಿ ನಮ್ಮನ್ನೆಲ್ಲ ತೆಗೆದುಕೊಂಡಳು. ರಿಪೋರ್ಟು ಓದಿದಳು. ನನ್ನ ಐದು ಉಬ್ಬುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಹದಿನೈದು ದಿನ ನನ್ನ ಅಂಗೈಗೆ ಹಾಕಿದ್ದೇನು?"

"ವಿಟಮಿನ್ನು. ಕೆಟ್ಟದ್ದೇನಲ್ಲ ಕಣೆ."

ಮರುದಿನ ನಾನು ಡಾಕ್ಟರ ಮೇಜಿನ ಮೇಲಿದ್ದೆ. ಅವರು ನನ್ನನ್ನೂ ರಿಪೋರ್ಟನ್ನೂ ನೋಡಿದರು. ಫೈಲು ತೆಗೆದು 'ಸ್ಪಂದನೆ ಇಲ್ಲ' ಎಂಬುದನ್ನು ಹೊಡೆದುಹಾಕಿ, 'ಮಾತ್ರೆ ಸೇವಿಸಿಲ್ಲ' ಎಂದು ಬರೆದರು.

"ಆಪರೇಷನ್ ಬೇಡಮ್ಮ. ಇವತ್ತು ಮೂರನೇ ದಿನ ಅಲ್ವಾ? ಈಗಲೂ ಶುರು ಮಾಡಬಹುದು."

ಮೇದಿನಿ ತುಂಬಾ ಸಣ್ಣ ಧ್ವನಿಯಲ್ಲಿ ಹೇಳಿದಳು: "ಮಗು ಬೇಕು ಡಾಕ್ಟ್ರೇ. ಅವರದ್ದು ಬೇಡ."

ಈಗ ನಾನು ಅರಸೀಕೆರೆಯಲ್ಲಿ, ಅವಳ ತವರಿನ ಕಪಾಟಿನಲ್ಲಿ, ಡೈರಿಯೊಂದರ ಹಾಳೆಗಳ ನಡುವೆ ಇದ್ದೇನೆ. ನನ್ನ ಅವಧಿ ಕಳೆದ ತಿಂಗಳು ಮುಗಿಯಿತು. ಐದೂ ಮಾತ್ರೆ ಒಳಗೇ ಇವೆ. ನನ್ನಿಂದ ಆಗುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಸೋತಿದ್ದರೆ ನೋವಾಗುತ್ತಿತ್ತು, ಆದರೆ ಅದು ನಮ್ಮ ಸೋಲಾಗಿರುತ್ತಿತ್ತು. ನಮಗೆ ಅಷ್ಟನ್ನೂ ಬಿಡಲಿಲ್ಲ.