ಸರಸ್ವತಿಯ ಮುಂದಿಟ್ಟ ಮೂರು ಪತ್ರಗಳು

ಗಂಡ ರಮಾಕಾಂತ್ ಮನೆಗೆ ಬರುವ ವಾರ ವಿಶಾಲಾಕ್ಷಿ ಗಾಜಿನ ಲೋಟಗಳನ್ನೆಲ್ಲ ಮೇಲಿನ ಕಪಾಟಿಗೆ ಎತ್ತಿಟ್ಟು, ಸ್ಟೀಲಿನವನ್ನು ಕೆಳಗೆ ಇಡುತ್ತಿದ್ದಳು. ಸ್ಟೀಲು ಬಿದ್ದರೆ ಸೊಟ್ಟಗಾಗುತ್ತದೆ, ಅಷ್ಟೆ. ಗಾಜು ಒಡೆದರೆ ಆಮೇಲೆ ಎರಡು ದಿನ ಬರಿಗಾಲಲ್ಲಿ ಓಡಾಡುವ ಹಾಗಿಲ್ಲ.

ಅವನು ಪಶ್ಚಿಮ ಆಸ್ಟ್ರೇಲಿಯಾದ ಉತ್ತರದ ಕಬ್ಬಿಣದ ಗಣಿಯಲ್ಲಿ ಎಂಜಿನಿಯರ್. ಎರಡು ವಾರ ಗಣಿ, ಒಂದು ವಾರ ಪರ್ತ್‌ನ ಮನೆ. ಫ್ರಿಜ್ಜಿಗೆ ಅಂಟಿಸಿದ ರೋಸ್ಟರಿನಲ್ಲಿ ಗಣಿಯ ದಿನಗಳಿಗೆ ಹಸಿರು, ಮನೆಯ ದಿನಗಳಿಗೆ ಕೆಂಪು. ಬಣ್ಣ ಹಚ್ಚಿದವನು ಅವನೇ. ಅವನಿಗೆ ಕೆಂಪೆಂದರೆ ರಜೆ. ಮನೆಯ ಹೆಂಗಸರಿಬ್ಬರೂ ಅದನ್ನು ಬೇರೆ ಥರ ಓದುತ್ತಿದ್ದರು.

೨೦೧೬ರ ನವರಾತ್ರಿ ಪೂರ್ತಿ ಹಸಿರಿನಲ್ಲಿತ್ತು. ಬುಧವಾರದ ತನಕ ಅವನು ಬರುವಂತಿರಲಿಲ್ಲ. ಅದಕ್ಕೇ ಶನಿವಾರ ಸರಸ್ವತಿ ಪೂಜೆಗೆ ಪುಸ್ತಕ ಇಡುವಾಗ ವಿಶಾಲಾಕ್ಷಿ ಧೈರ್ಯವಾಗಿ ಮಗಳನ್ನು ಕೂಗಿದಳು.

"ಪ್ರಣತಿ, ಆ ಮೂರು ಲೆಟರೂ ತಗೊಂಡ್ಬಾ. ಅಮ್ಮನವರ ಮುಂದೆ ಇಡ್ತೀನಿ."

"ಅಮ್ಮಾ, ಅದು ಪ್ರಿಂಟ್ಔಟ್. ನಿಜವಾದ ಆಫರ್ ಈಮೇಲ್‌ನಲ್ಲಿರೋದು."

"ಈಮೇಲ್‌ಗೆ ಕುಂಕುಮ ಹಚ್ಚೋಕಾಗುತ್ತಾ? ತಗೊಂಡ್ಬಾ."

ಪ್ರಣತಿಗೆ ಇಪ್ಪತ್ತೆರಡು. ಅಪ್ಪ ಹೇಳಿದ ಭೂವಿಜ್ಞಾನ ಓದಿ, ಡಿಗ್ರಿ ಮುಗಿಸಿ, ಅಪ್ಪ ಗೊತ್ತುಮಾಡಿದ ಗಣಿ ಕಂಪನಿಗೆ ಮುಂದಿನ ಫೆಬ್ರವರಿಯಲ್ಲಿ ಸೇರಬೇಕಿತ್ತು. ಅವಳಿಗೆ ಬೇಕಾದದ್ದು ವೈದ್ಯಕೀಯ. ಡಿಗ್ರಿ ಆದವರನ್ನು ಇಲ್ಲಿಯ ಮೆಡಿಕಲ್ ಕಾಲೇಜುಗಳು ತೆಗೆದುಕೊಳ್ಳುತ್ತವೆ, ಆದರೆ ಕಲ್ಲು ಓದಿದವಳಿಗೆ ದೇಹ ಗೊತ್ತಿರಬೇಕಲ್ಲ. ಅದಕ್ಕೊಂದು ತಯಾರಿಯ ಕೋರ್ಸು ಮಾಡಬೇಕು, ಆಮೇಲೆ ಅರ್ಜಿ ಹಾಕಬೇಕು. ಆ ಕೋರ್ಸಿಗೆಂದು ಅಪ್ಪನಿಗೆ ಗುಟ್ಟಾಗಿ ಬರೆದ ಮೂರು ಕಡೆಯಿಂದಲೂ ಸೀಟು ಬಂದಿತ್ತು.

ಬ್ರಿಸ್ಬೇನಿನದು ಒಂದು ವರ್ಷ, ಒಳ್ಳೆಯ ಅಂಕ ತೆಗೆದರೆ ಅಲ್ಲಿಯ ಮೆಡಿಕಲ್ ಕಾಲೇಜಿನ ಸಂದರ್ಶನ ಖಂಡಿತ. ಅಡಿಲೇಡಿನದೂ ಒಂದು ವರ್ಷ. ಮೂವತ್ತೇ ಜನ, ವಾರಕ್ಕೆರಡು ದಿನ ಆಸ್ಪತ್ರೆಯ ವಾರ್ಡು, ಮೊದಲ ತಿಂಗಳಿಂದಲೇ ನಿಜವಾದ ರೋಗಿಗಳು. ಪರ್ತ್‌ನದು ಸಂಜೆ ಕ್ಲಾಸು, ಎರಡು ವರ್ಷ, ಬರೀ ಪುಸ್ತಕ. ಮಂಗಳವಾರ ಸಂಜೆ ಐದರೊಳಗೆ ಯಾವುದೆಂದು ಹೇಳಬೇಕು.

ಅಡಿಲೇಡಿನ ಬಗ್ಗೆ ಮಾತಾಡುವಾಗ ಮಗಳ ಮುಖ ಹೇಗಾಗುತ್ತದೆಂದು ವಿಶಾಲಾಕ್ಷಿ ನೋಡಿದ್ದಳು. ಕೊನೆಯಲ್ಲಿ ಅವಳು ಹೇಳುತ್ತಿದ್ದುದು ಮಾತ್ರ ಬೇರೆ. "ಪರ್ತೇ ಸಾಕಮ್ಮ. ಪಾರ್ಕಿಂಗ್ ಸುಲಭ."

ಪಾರ್ಕಿಂಗಂತೆ. ತನ್ನನ್ನು ಒಬ್ಬಳನ್ನೇ ಈ ಮನೆಯಲ್ಲಿ ಬಿಟ್ಟುಹೋಗಲು ಹುಡುಗಿಗೆ ಹೆದರಿಕೆ ಎಂದು ವಿಶಾಲಾಕ್ಷಿಗೆ ಗೊತ್ತಿಲ್ಲವೇ? ದೇವಿಯೇ ಅವಳಿಗೆ ಬುದ್ಧಿ ಕೊಡಲಿ ಎಂದು ಮೂರು ಪತ್ರಕ್ಕೂ ಅರಿಶಿನ ಕುಂಕುಮ ಹಚ್ಚಿ, ಪುಸ್ತಕಗಳ ಮೇಲಿಟ್ಟು, ಸೇವಂತಿಗೆ ಹಾಕಿದಳು. ಒಮ್ಮೆ ಇಟ್ಟಮೇಲೆ ವಿಜಯದಶಮಿಯ ತನಕ ಮುಟ್ಟುವ ಹಾಗಿಲ್ಲ. ಅದು ಅವಳ ಅಜ್ಜಿಯ ನಿಯಮ. ಮೈಸೂರಿನಿಂದ ಬ್ರಿಸ್ಬೇನಿಗೆ, ಅಲ್ಲಿಂದ ಪರ್ತ್‌ಗೆ ಪಾತ್ರೆ ಪಡಗಗಳ ಜೊತೆ ಬಂದದ್ದು.

ಸೋಮವಾರ ಆಯುಧಪೂಜೆ. ಬೆಳಿಗ್ಗೆ ಹತ್ತು ಗಂಟೆಗೆ ಮನೆಯ ಮುಂದೆ ಟ್ಯಾಕ್ಸಿ ನಿಂತಿತು. ಹಬ್ಬಕ್ಕೆಂದು ಬೇರೊಬ್ಬನ ಜೊತೆ ಪಾಳಿ ಬದಲಾಯಿಸಿಕೊಂಡು ರಮಾಕಾಂತ್ ಬಂದಿದ್ದ.

ಟ್ಯಾಕ್ಸಿಯವನು ಡಿಕ್ಕಿ ತೆಗೆದು ಚೀಲ ಇಳಿಸುವಷ್ಟು ಹೊತ್ತು ವಿಶಾಲಾಕ್ಷಿಗೆ ಸಮಯವಿತ್ತು. ದೇವರ ಮುಂದೆ ಹೋಗಿ ನಿಂತಳು. ಕೈ ಚಾಚಿದಳು. ಪೂಜೆಗಿಟ್ಟದ್ದನ್ನು ಹೇಗೆ ತೆಗೆಯುವುದು? ಮಗಳ ಓದಿಗೇ ಅಪಶಕುನವಾದರೆ? ಪತ್ರಗಳ ಮೇಲೆ ಇನ್ನೊಂದು ಹಿಡಿ ಹೂವು ಸುರಿದು ಬಾಗಿಲು ತೆಗೆಯಲು ಹೋದಳು. ಲೋಟಗಳನ್ನು ಎತ್ತಿಡಲು ಮರೆತೇ ಹೋಯಿತು.

ಮೊದಲ ಒಂದು ಗಂಟೆ ಎಲ್ಲ ಸರಿಯಾಗಿಯೇ ಇತ್ತು. ಅವನು ಸ್ನಾನ ಮಾಡಿ ಪಂಚೆಯುಟ್ಟು ಬಂದ. ಕಾರಿಗೆ ಕುಂಕುಮವಿಟ್ಟು ನಿಂಬೆಹಣ್ಣು ಒಡೆಸಿದ. ತನ್ನ ಸ್ಪ್ಯಾನರುಗಳು, ಪ್ರಣತಿಯ ಕಲ್ಲು ಒಡೆಯುವ ಸುತ್ತಿಗೆ, ಎಲ್ಲವನ್ನೂ ದೇವರ ಮುಂದೆ ಜೋಡಿಸಿದ. "ಫೆಬ್ರವರಿಯಿಂದ ಈ ಸುತ್ತಿಗೆ ಅನ್ನ ಹಾಕುತ್ತೆ ನೋಡು" ಎಂದು ಮಗಳ ತಲೆ ಸವರಿದ. ಮಂಗಳಾರತಿಯ ತಟ್ಟೆ ಎತ್ತಿ ಬಗ್ಗಿದವನ ಕೈ ಹೂವಿಗೆ ತಾಕಿತು. ಹೂವು ಜಾರಿತು.

ಅವನು ಮೂರು ಪತ್ರವನ್ನೂ ನಿಂತಲ್ಲೇ ಓದಿದ. ಕರ್ಪೂರ ಉರಿದು ಮುಗಿಯುವ ತನಕ ಓದಿದ. ಅಡಿಲೇಡಿನದನ್ನು ಜೋರಾಗಿಯೇ ಓದಿದ: "ಸೇರೋ ಮುಂಚೆ ಪೊಲೀಸ್ ಸರ್ಟಿಫಿಕೇಟ್ ಬೇಕಂತೆ. ಕೇಸುಗೀಸು ಏನೂ ಇರ್ಬಾರ್ದಂತೆ." ಪತ್ರಗಳನ್ನು ಪುಸ್ತಕದ ಮೇಲೆ ಮೊದಲಿದ್ದ ಹಾಗೇ ಇಟ್ಟ. ಆಮೇಲೆ ಬಿಸಿ ತಟ್ಟೆಯನ್ನು ಹೆಂಡತಿಯ ಮುಖಕ್ಕೆ ಬೀಸಿದ.

ಹಿತ್ತಾಳೆಯ ಅಂಚು ಕೆನ್ನೆಯ ಮೂಳೆಗೆ ಬಡಿಯಿತು. ವಿಶಾಲಾಕ್ಷಿಗೆ ಮೊದಲು ಕಂಡದ್ದು ನೋವಲ್ಲ, ಸೀರೆಯ ಮೇಲೆ ಚೆಲ್ಲಿದ ಕುಂಕುಮ. ಅದರಲ್ಲಿ ಅರ್ಧ ಕುಂಕುಮವಲ್ಲ ಎಂದು ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

"ನನ್ನ ಬೆನ್ನ ಹಿಂದೆ ಪೂಜೆ ಮಾಡ್ತೀಯೇನೇ? ಹಾಂ? ದೇವರನ್ನೂ ಸೇರಿಸ್ಕೊಂಡು?"

"ರೀ, ಮಗು ಓದ್ಲಿ ಅಂತ..."

ಅವನು ಜಡೆ ಹಿಡಿದ. ಹಿಡಿದು ಅಡುಗೆಮನೆಯ ತನಕ ಎಳೆದ. ಒಮ್ಮೆ ಬಾಗಿಲ ಚೌಕಟ್ಟಿಗೆ ತಲೆ ಬಡಿಸಿದ, ಇನ್ನೊಮ್ಮೆ ಬಡಿಸಿದ. ತೋಳು ಬೀಸಿದ ರಭಸಕ್ಕೆ ಕಟ್ಟೆಯ ಮೇಲಿನ ಗಾಜಿನ ಲೋಟಗಳು ಸಾಲಾಗಿ ನೆಲಕ್ಕುರುಳಿದವು. ಅವಳ ಮಂಡಿ ಚೂರುಗಳ ಮೇಲೆ ಊರಿತು. ಮೂರನೆಯ ಸಲಕ್ಕೆ ಅವಳಿಗೆ ಸದ್ದು ಮಾತ್ರ ಕೇಳಿಸಿತು, ಬೇರೆ ಯಾರದೋ ಮನೆಯಲ್ಲಿ ತೆಂಗಿನಕಾಯಿ ಒಡೆಯುತ್ತಿರುವ ಹಾಗೆ.

"ಅಪ್ಪಾ, ಬಿಡಿ! ಸ್ಟಾಪ್ ಇಟ್! ಬಿಡೀ!"

ಬಿಡಲಿಲ್ಲ. ನಾಲ್ಕನೆಯ ಸಲಕ್ಕೆ ತೋಳು ಹಿಂದಕ್ಕೆಳೆದ. ಅಷ್ಟರಲ್ಲಿ ಪ್ರಣತಿ ದೇವರ ಮುಂದಿನ ಸುತ್ತಿಗೆ ತೆಗೆದುಕೊಂಡು ಓಡಿಬಂದು ಆ ತೋಳಿಗೆ ಹೊಡೆದಳು. ಒಂದೇ ಏಟು. ಒಣಸೌದೆ ಮುರಿದ ಸದ್ದು.

ಅವನು ಕೂಗಿಕೊಂಡು ಫ್ರಿಜ್ಜಿಗೆ ಒರಗಿ ಕುಸಿದ. ಮುಂಗೈ ಇರಬಾರದ ಕಡೆಗೆ ತಿರುಗಿತ್ತು. ಪ್ರಣತಿ ಸುತ್ತಿಗೆ ಕೆಳಗಿಟ್ಟಳು. ಅಮ್ಮನ ಹಣೆಗೆ ಟವಲು ಒತ್ತಿ, "ಗಟ್ಟಿಯಾಗಿ ಹಿಡ್ಕೋ, ಬಿಡ್ಬೇಡ" ಎಂದಳು. ಆಮೇಲೆ, ವಿಶಾಲಾಕ್ಷಿ ನೋಡುತ್ತಿದ್ದಂತೆಯೇ, ಒಂದು ಲಟ್ಟಣಿಗೆ ಮತ್ತು ತನ್ನ ದುಪಟ್ಟಾ ಹಿಡಿದು ಅಪ್ಪನ ಪಕ್ಕ ಕೂತಳು. ಲಟ್ಟಣಿಗೆಯನ್ನು ಮುರಿದ ಕೈಗೆ ಸೇರಿಸಿ ಸುತ್ತಿದಳು. ಕಟ್ಟು ನೆಟ್ಟಗೆ ಬಿತ್ತು.

"ಅಲ್ಲಾಡಿಸ್ಬೇಡಿ. ಬೆರಳಿಗೆ ರಕ್ತ ಹೋಗ್ತಿದೆಯಾ ನೋಡ್ಬೇಕು."

"ಮುಟ್ಬೇಡ ನನ್ನ, ರಾಕ್ಷಸಿ." ಅವನ ಹಣೆಯಲ್ಲಿ ಬೆವರಿಳಿಯುತ್ತಿತ್ತು. ಎಡಗೈಯಿಂದ ಫೋನು ತೆಗೆದ. ಹೆಬ್ಬೆರಳಿನಿಂದ ತುರ್ತು ಸಹಾಯದ ಮೂರು ಸೊನ್ನೆ ಒತ್ತಿ, ಇಬ್ಬರಿಗೂ ಕಾಣುವಂತೆ ಹಿಡಿದ. "ಹಸಿರು ಬಟನ್ ಒಂದು ಬಾಕಿ. ಪೊಲೀಸ್ ಬರ್ತಾರೆ. ಮಗಳು ಸುತ್ತಿಗೆ ತಗೊಂಡು ಕೈ ಮುರಿದ್ಲು ಅಂತೀನಿ. ಸುತ್ತಿಗೆ ಇಲ್ಲೇ ಇದೆ, ಕೈ ಇಲ್ಲೇ ಇದೆ. ಕೇಸಾಗುತ್ತೆ. ಆಮೇಲೆ ಯಾವ ಆಸ್ಪತ್ರೆ ನಿನ್ನ ಒಳಗೆ ಬಿಡುತ್ತೆ, ಡಾಕ್ಟರಮ್ಮ?"

ಪ್ರಣತಿ ಅವನ ಬೆರಳ ಉಗುರು ಒತ್ತಿ ನೋಡಿದಳು.

"ಇಲ್ಲ ಅಂದ್ರೆ ಮೂರು ಲೆಟರನ್ನೂ ನನ್ನ ಕಣ್ಣೆದುರಿಗೆ ಹರಿದ್ಹಾಕು. ಗಣಿಗೆ ಸೇರು. ತೋರಣ ಕಟ್ಟೋಕೆ ಹೋಗಿ ಏಣಿಯಿಂದ ಬಿದ್ದೆ ಅಂತ ನಾನು ಹೇಳ್ತೀನಿ."

ಬಾಗಿಲಿನ ಗಂಟೆ ಸದ್ದಾಯಿತು. ಅರಿಶಿನ ಕುಂಕುಮಕ್ಕೆ ಕರೆದಿದ್ದ ಅಹಲ್ಯಾ, ಹಿಂದಿನ ರಸ್ತೆಯವಳು, ಬಾಗಿಲು ತೆಗೆದೇ ಇತ್ತೆಂದು ರೇಷ್ಮೆ ಸೀರೆಯಲ್ಲಿ ಒಳಗೇ ಬಂದುಬಿಟ್ಟಳು. ಚೂರುಗಳು, ರಕ್ತ, ಲಟ್ಟಣಿಗೆ ಕಟ್ಟಿದ ಕೈ, ಎಲ್ಲವನ್ನೂ ಒಂದು ಸುತ್ತು ನೋಡಿದಳು.

"ಅಯ್ಯೋ ವಿಶಾಲು, ಹಬ್ಬದ ದಿನ ಇದೇನ್ರೇ! ಪೊಲೀಸು ಗಿಲೀಸು ಅಂತ ಹೋಗ್ಬೇಡಿ. ಕನ್ನಡ ಸಂಘದಲ್ಲಿ ಎಲ್ಲರಿಗೂ ಗೊತ್ತಾದ್ರೆ ಹುಡುಗಿಗೆ ನಾಳೆ ಗಂಡು ಸಿಗುತ್ತಾ? ಜಾರಿ ಬಿದ್ದೆ ಅಂದ್ಬಿಡು. ಹೋದ ವರ್ಷ ಹೇಳಿದ್ಯಲ್ಲ, ಹಾಗೆ." ಹಾಗೆಂದವಳೇ ಸೀರೆಯ ನೆರಿಗೆ ಎತ್ತಿ ಹಿಡಿದು, ಚೂರುಗಳನ್ನು ದಾಟಿ ಹೊರಟುಹೋದಳು.

ಹೋದ ವರ್ಷ ಮಾತ್ರವಲ್ಲ. ಹದಿನಾಲ್ಕು ವರ್ಷದ ಹಿಂದೆ ಬ್ರಿಸ್ಬೇನಿನ ಒಂದು ಕ್ಲಿನಿಕ್ಕಿನಲ್ಲಿ ಹುಬ್ಬಿಗೆ ಹೊಲಿಗೆ ಹಾಕಿಸಿಕೊಳ್ಳುತ್ತ ಕೂತಿದ್ದಾಗ ಡಾಕ್ಟರು ಏನೋ ಕೇಳಿದ್ದಳು. ವಿಶಾಲಾಕ್ಷಿಗೆ ಆಗ ಇಂಗ್ಲಿಷು ಬರುತ್ತಿರಲಿಲ್ಲ. ಎಂಟು ವರ್ಷದ ಪ್ರಣತಿ ಕನ್ನಡ ಮಾಡಿ ಹೇಳಿದ್ದಳು: "ಯಾರಾದ್ರೂ ಹೊಡೀತಾರಾ ಅಂತ ಕೇಳ್ತಿದಾರೆ ಅಮ್ಮ." ವಿಶಾಲಾಕ್ಷಿ ಹೇಳಿಕೊಟ್ಟಿದ್ದಳು: "ಬಚ್ಚಲಲ್ಲಿ ಜಾರಿ ಬಿದ್ರು ಅಂತ ಹೇಳು ಪುಟ್ಟಿ." ಮಗು ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿ, ತಿರುಗಿ, ಡಾಕ್ಟರಿಗೆ ಹಾಗೆಯೇ ಹೇಳಿತ್ತು. ತಾನು ಡಾಕ್ಟರಾಗುತ್ತೇನೆಂದು ಅವಳು ಮೊದಲು ಹೇಳಿದ್ದು ಅಲ್ಲಿಂದ ಮನೆಗೆ ಹೋಗುವ ಬಸ್ಸಿನಲ್ಲಿ.

ಇಷ್ಟು ವರ್ಷ ಈ ಮನೆಯಲ್ಲಿ ಬೀಳುತ್ತಿದ್ದವಳು ತಾನೊಬ್ಬಳೇ. ಈಗ ಅವನೂ ಬೀಳಲು ತಯಾರಾಗಿದ್ದಾನೆ, ಏಣಿಯಿಂದ.

ಪ್ರಣತಿ ಎದ್ದು ದೇವರ ಮುಂದೆ ಹೋದಳು. ಪತ್ರಗಳನ್ನು ಕೈಗೆತ್ತಿಕೊಂಡಳು. ಅವಳ ಮುಖ ಬ್ರಿಸ್ಬೇನಿನ ಆ ಮಗುವಿನ ಮುಖದ ಹಾಗೆಯೇ ಇತ್ತು, ಏನು ಹೇಳಬೇಕೆಂದು ಆಗಲೇ ಗೊತ್ತಿರುವ ಮುಖ.

"ನಾಳೆ ತನಕ ಮುಟ್ಬಾರ್ದು ಅದನ್ನ," ಎಂದಳು ವಿಶಾಲಾಕ್ಷಿ. "ಇಡು ಕೆಳಗೆ."

"ಅಮ್ಮಾ..."

"ಇಡು ಅಂದೆ."

ಟವಲು ಹಣೆಗೆ ಒತ್ತಿಕೊಂಡೇ ಅವಳು ಗೋಡೆ ಹಿಡಿದು ಎದ್ದಳು. ಮಂಡಿಯಿಂದ ಒಂದು ಚೂರು ಕಳಚಿ ಬಿತ್ತು. ಗಂಡನ ಮುಂದೆ ಹೋಗಿ ನಿಂತು, ಅವನ ಎಡಗೈಯಿಂದ ಫೋನು ಕಿತ್ತುಕೊಂಡಳು. ಅವನು ಕಾಲಿನಿಂದ ಅವಳ ಹೊಟ್ಟೆಗೆ ಒದ್ದ. ಅವಳು ಸಿಂಕಿಗೆ ಬಡಿದು, ಹಾಗೇ ಅದನ್ನು ಹಿಡಿದು ನಿಂತು, ಹಸಿರು ಬಟನ್ ತಾನೇ ಒತ್ತಿದಳು.

ಬಂದ ಇಬ್ಬರು ಪೊಲೀಸರಲ್ಲಿ ಒಬ್ಬಳು ಹೆಂಗಸು, ಪ್ರಣತಿಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದಾಳು. ಆಂಬುಲೆನ್ಸಿನವರು ಹಣೆಗೆ ಬಟ್ಟೆ ಸುತ್ತುತ್ತಿದ್ದಾಗ ವಿಶಾಲಾಕ್ಷಿಯನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಫೋನಿನಲ್ಲಿ ಕನ್ನಡ ಬಲ್ಲವರನ್ನು ಕರೆಸಲೇ ಎಂದು ಕೇಳಿದಳು. ಪಕ್ಕದ ಕೋಣೆಯಿಂದ ರಮಾಕಾಂತನ ನೀಟಾದ ಇಂಗ್ಲಿಷು ಕೇಳಿಸುತ್ತಿತ್ತು: ಮಗಳು, ಸುತ್ತಿಗೆ, ತಲೆ ಕೆಟ್ಟಿದೆ.

"ನೋ," ಎಂದಳು ವಿಶಾಲಾಕ್ಷಿ. ಪರ್ತ್‌ನ ವೆಲ್ಷ್‌ಪೂಲ್ ಬಡಾವಣೆಯ ಗೋದಾಮಿನಲ್ಲಿ ಆರು ವರ್ಷ ಡಬ್ಬಗಳಿಗೆ ಚೀಟಿ ಅಂಟಿಸುತ್ತ ಕಲಿತ ಇಂಗ್ಲಿಷು ಅವಳದು. "ಐ ವಿಲ್ ಸೇ. ಹಿ ಹಿಟ್ ಮೈ ಹೆಡ್. ತ್ರೀ ಟೈಮ್ಸ್. ಫೋರ್ತ್ ಟೈಮ್, ಮೈ ಡಾಟರ್ ಸ್ಟಾಪ್." ಆಮೇಲೆ ಕೂದಲು ಸರಿಸಿ ಕಿವಿಯ ಹಿಂದೆ ತೋರಿಸಿದಳು, ತೋಳು ತೋರಿಸಿದಳು, ರವಿಕೆಯ ಗುಂಡಿ ಬಿಚ್ಚಿ ಹೆಗಲಿನ ಸುಟ್ಟ ಕಲೆ ತೋರಿಸಿದಳು. ಇದು ಯಾವ ವರ್ಷ, ಅದು ಯಾವ ವರ್ಷ ಎಂದು ಒಂದೊಂದಾಗಿ ಹೇಳಿದಳು. ಆ ಪೊಲೀಸ್ ಹುಡುಗಿ ಬರೆದುಕೊಳ್ಳುತ್ತ ಒಂದು ಪುಟ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು.

ರಮಾಕಾಂತನನ್ನು ಮೊದಲು ಆಸ್ಪತ್ರೆಗೆ, ಅಲ್ಲಿಂದ ಠಾಣೆಗೆ ಕರೆದೊಯ್ದರು. ಅವನು ಈ ಮನೆಯ ಹತ್ತಿರ ಸುಳಿಯಬಾರದೆಂದು ಆದೇಶವಾಯಿತು. ಸುತ್ತಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದರು, ಹಿಡಿಯಲ್ಲಿ ಇನ್ನೂ ಕುಂಕುಮವಿತ್ತು.

ಮಾರನೆಯ ದಿನ ವಿಜಯದಶಮಿ. ಹಣೆಗೆ ಏಳು ಹೊಲಿಗೆ ಹಾಕಿಸಿಕೊಂಡು ಬಂದ ವಿಶಾಲಾಕ್ಷಿ ದೇವರ ಮುಂದಿನ ಪುಸ್ತಕಗಳನ್ನು ಎತ್ತಿದಳು. ಪತ್ರಗಳ ಮೇಲೆ ಕಂದು ಕಲೆಗಳಿದ್ದವು.

"ಪರ್ತ್‌ಗೇ ಹೇಳ್ತೀನಿ," ಎಂದಳು ಪ್ರಣತಿ. "ಕೋರ್ಟು ಅಂತಾರೆ, ನಿನ್ನ ಯಾರು ನೋಡ್ಕೋತಾರೆ? ಅದೂ ಅಲ್ದೆ ನನ್ನ ಮೇಲೆ ಕೇಸ್ ಹಾಕಲ್ಲ ಅಂತ ಇನ್ನೂ ಖಚಿತವಾಗಿ ಹೇಳಿಲ್ಲ. ಅಡಿಲೇಡ್ ಒಪ್ಕೊಂಡು ಸರ್ಟಿಫಿಕೇಟ್ ಬರ್ದೇ ಇದ್ರೆ ಮೂರೂ ಹೋಯ್ತು."

"ಪಾರ್ಕಿಂಗ್‌ಗೋಸ್ಕರ ಏಟು ತಿಂದೆನಾ ನಾನು?"

ಪ್ರಣತಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ನನ್ನ ನೋಡ್ಕೊಳ್ಳೋಕೆ ಅಂತ ಕಾಲೇಜು ಆರಿಸ್ಬೇಡ. ನಾನೇ ನಿನ್ನ ಜೊತೆ ಬರ್ತೀನಿ. ಡಬ್ಬಕ್ಕೆ ಚೀಟಿ ಅಂಟ್ಸೋ ಕೆಲಸ ಅಲ್ಲೂ ಇರುತ್ತೆ. ಸರ್ಟಿಫಿಕೇಟ್ ಬರುತ್ತೆ. ನಾನು ಹೇಳಿದೀನಲ್ಲ, ಎಲ್ಲಾ ಹೇಳಿದೀನಿ."

ಐದಕ್ಕೆ ಹತ್ತು ನಿಮಿಷ ಇದ್ದಾಗ ಪ್ರಣತಿ ಅಡಿಲೇಡಿಗೆ ಒಪ್ಪಿಗೆ ಕಳಿಸಿದಳು. ಸರ್ಟಿಫಿಕೇಟು ಡಿಸೆಂಬರಿನ ಎರಡನೆಯ ವಾರ ಬಂತು. ಅಲ್ಲಿಯ ತನಕ ತಾಯಿ ಮಗಳು ದಿನಾ ಟಪಾಲು ಡಬ್ಬಕ್ಕೆ ಕೈಹಾಕಿ ನೋಡುತ್ತಿದ್ದರು. ಪ್ರಣತಿಯ ಹೆಸರಿನ ಮುಂದೆ ಯಾವ ಕೇಸೂ ಇರಲಿಲ್ಲ. ರಮಾಕಾಂತನ ಹೆಸರಿನ ಮುಂದೆ ಆ ಹೊತ್ತಿಗೆ ಇತ್ತು.

ಮಾರ್ಚಿನ ಒಂದು ಸಂಜೆ, ಅಡಿಲೇಡಿನ ಗ್ಲೆನೆಲ್ಗ್‌ನ ಬಾಡಿಗೆ ಮನೆಯ ಪುಟ್ಟ ಅಡುಗೆಮನೆಯಲ್ಲಿ ಪ್ರಣತಿ ಒಂದು ಹಾಳೆ ಹಿಡಿದು ಕೂತಿದ್ದಳು. ರೋಗಿಯ ಹತ್ತಿರ ವಿವರ ಕೇಳಿ ಬರೆಯುವುದನ್ನು ಅಭ್ಯಾಸ ಮಾಡಿ ಬರಲು ಕ್ಲಾಸಿನಲ್ಲಿ ಹೇಳಿದ್ದರು. ಅಮ್ಮನ ಹೆಸರು, ವಯಸ್ಸು, ಬಿಪಿ, ಶುಗರು, ಎಲ್ಲವೂ ಮುಗಿಯಿತು. ಅವಳ ಪೆನ್ನು ನಿಂತಿತು. ಬೆರಳಿನಿಂದ ಅಮ್ಮನ ಹುಬ್ಬಿನ ಹಳೆಯ ಗೆರೆಯನ್ನು ಮುಟ್ಟಿದಳು.

"ಇದು ಹೇಗಾಯ್ತು?"

"ನಿಂಗೊತ್ತಲ್ಲ."

"ಪೇಷೆಂಟೇ ಹೇಳ್ಬೇಕಮ್ಮ. ನಾನಾಗೇ ಬರ್ಕೊಳ್ಳೋ ಹಾಗಿಲ್ಲ."

ಕುಕ್ಕರು ಮೂರನೆಯ ಕೂಗು ಹಾಕಿತು. ವಿಶಾಲಾಕ್ಷಿ ಎದ್ದು ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಮತ್ತೆ ಕೂತಳು.

"ಬ್ರಿಸ್ಬೇನಿನಲ್ಲಿ," ಎಂದಳು. "ಎರಡು ಸಾವಿರದ ಎರಡು, ಜುಲೈ ತಿಂಗಳು. ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. ನಿಮ್ಮಪ್ಪ ಸ್ಟೂಲ್ ತಗೊಂಡು ಹೊಡೆದ್ರು. ಬರ್ಕೊ."

ಪ್ರಣತಿ ಬರೆದುಕೊಂಡಳು.